ಕೈಪಿಡಿಯಲ್ಲಿ ಉಳಿದುಹೋದ ಹೆಸರುಗಳು

ಹಳ್ಳಿಯೊಂದರ ಚಾವಡಿಯ ಗೋಡೆಯ ಮೇಲೆ ‘ಉತಾರಕ್ಕಾಗಿ ಕುಲಕರ್ಣಿಯವರನ್ನು ಕಾಣತಕ್ಕದ್ದು’ ಎಂಬ ಫಲಕ ಇಂದಿಗೂ ತೂಗುತ್ತಿದೆ ಎಂದು ಭಾವಿಸೋಣ. ಅಂದಿನ ಮುಂಬಯಿ ರಾಜ್ಯದಲ್ಲಿ ಕುಲಕರ್ಣಿ ವತನಗಳು 1950ರ ಶಾಸನದಿಂದ ರದ್ದಾದವು. ಉತಾರ ಕೊಡುವ ಕೆಲಸ ತಲಾಠಿಯ ಕೈಗೆ ಬಂದಿತು. ಫಲಕದಲ್ಲಿ ಹೇಳಿದ ಕೆಲಸ ಸುಳ್ಳಲ್ಲ, ಉತಾರವೂ ಸುಳ್ಳಲ್ಲ. ಆ ಹೆಸರಿನ ಅಧಿಕಾರಿ ಮಾತ್ರ ಇಲ್ಲ. ಊರಿನವನು ಫಲಕವನ್ನು ನೋಡಿ ನಕ್ಕು ಮುಂದೆ ಹೋಗುತ್ತಾನೆ, ಏಕೆಂದರೆ ಅವನಿಗೆ ಗೊತ್ತಿದೆ. ಹೊಸಬನು ಫಲಕವನ್ನು ನಂಬುತ್ತಾನೆ, ದಿನವಿಡೀ ಅಲೆಯುತ್ತಾನೆ. ಫಲಕ ಬರೆಸಿದ್ದು ಹೊಸಬನಿಗಾಗಿಯೇ ಎಂಬುದು ಇಲ್ಲಿನ ವಿಪರ್ಯಾಸ.

ಗಣಕಯಂತ್ರದ ಲೋಕದಲ್ಲಿ ಇಂತಹ ಫಲಕಗಳು ಬಹಳ. ಅವುಗಳನ್ನು ಹುಡುಕಿ ಇಳಿಸುವುದು ಒಂದು ಕೆಲಸವೇ ಆಗಿದೆ. ಅದು ತಂತ್ರಜ್ಞರ ಕೆಲಸವೆಂದು ತೋರಿದರೂ ಅದರ ಒಳಹುರುಳು ಪಾಠ, ಅರ್ಥ, ಪ್ರಯೋಗ ಇವುಗಳಿಗೆ ಸಂಬಂಧಿಸಿದುದು. ಆದುದರಿಂದ ಭಾಷಾಶಾಸ್ತ್ರವನ್ನೂ ಗ್ರಂಥಸಂಪಾದನೆಯನ್ನೂ ಓದುವ ಐಚ್ಛಿಕ ಕನ್ನಡದ ವಿದ್ಯಾರ್ಥಿಗಳಿಗೆ ಅದು ಪರಕೀಯವಾಗಬೇಕಾಗಿಲ್ಲ. ಲಿನಕ್ಸ್ ಎಂಬ ಕಾರ್ಯಾಚರಣಾ ವ್ಯವಸ್ಥೆಯ ಸಂಗ್ರಹ ಸಾಧನಗಳ ಕೈಪಿಡಿಗಳನ್ನು ಉದಾಹರಣೆಯಾಗಿ ಇಟ್ಟುಕೊಂಡರೆ ವಿಷಯ ಸ್ಪಷ್ಟವಾಗುತ್ತದೆ.

ಫಿನ್ಲೆಂಡಿನ ಹೆಲ್ಸಿಂಕಿಯಲ್ಲಿ ವಿದ್ಯಾರ್ಥಿಯಾಗಿದ್ದ ಲಿನಸ್ ಟೋರ್ವಾಲ್ಡ್ಸ್ 1991ರಲ್ಲಿ ಆರಂಭಿಸಿದ ಲಿನಕ್ಸ್ ಇಂದು ಮೊಬೈಲ್ ಫೋನಿನಿಂದ ದೊಡ್ಡ ಸರ್ವರುಗಳವರೆಗೆ ಎಲ್ಲೆಡೆ ಇದೆ. ಅದರ ತಿರುಳಿಗೆ ಕರ್ನಲ್ ಎಂದು ಹೆಸರು. ಹಾರ್ಡ್ ಡಿಸ್ಕ್, ಎಸ್‌ಎಸ್‌ಡಿ, ಟೇಪು ಮೊದಲಾದ ಸಂಗ್ರಹ ಸಾಧನಗಳು ನೂರಾರು ಬಗೆಯವು. ಪ್ರತಿಯೊಂದು ತಯಾರಕನ ಯಂತ್ರದ ನಡೆ ಬೇರೆ. ಕರ್ನಲ್ಲಿನ ಮಾತನ್ನು ಯಂತ್ರಕ್ಕೂ ಯಂತ್ರದ ಉತ್ತರವನ್ನು ಕರ್ನಲ್ಲಿಗೂ ಮುಟ್ಟಿಸುವ ದುಭಾಷಿಗೆ ಡ್ರೈವರ್ ಎನ್ನುತ್ತಾರೆ. ಗಡಿಭಾಗದ ಓದುಗರಿಗೆ ದುಭಾಷಿಯ ಕೆಲಸವನ್ನು ವಿವರಿಸಿ ಹೇಳಬೇಕಾಗಿಲ್ಲ. ದುಭಾಷಿ ತಪ್ಪಿದರೆ ಕಚೇರಿಯಲ್ಲಿ ಕಾಗದ ತಿರುಗಿ ಬರುತ್ತದೆ; ಸಂಗ್ರಹ ಸಾಧನದ ಡ್ರೈವರ್ ತಪ್ಪಿದರೆ ಬರೆದ ಮಾಹಿತಿಯೇ ಕೆಡುತ್ತದೆ, ಕೆಲವೊಮ್ಮೆ ಕೆಟ್ಟದ್ದು ಬಹಳ ದಿನ ಯಾರಿಗೂ ತಿಳಿಯುವುದಿಲ್ಲ.

ಡ್ರೈವರ್ ಮತ್ತು ಕರ್ನಲ್ ಪರಸ್ಪರ ಮಾತನಾಡುವುದು ಫಂಕ್ಷನ್ನುಗಳ ಮೂಲಕ. ಫಂಕ್ಷನ್ ಎಂದರೆ ಹೆಸರಿಟ್ಟ ಒಂದು ಕ್ರಿಯೆ. ವ್ಯಾಕರಣದ ಪರಿಭಾಷೆಯಲ್ಲಿ ಹೇಳುವುದಾದರೆ ಅದೊಂದು ಧಾತು. ತನ್ನ ಅರ್ಥ ಪೂರ್ಣವಾಗಲು ಅದಕ್ಕೆ ಇಂತಿಷ್ಟು ಕಾರಕಗಳು ಬೇಕು. ‘ಕೊಡು’ ಎಂಬ ಧಾತುವಿಗೆ ಕೊಡುವವನು, ಕೊಡುವ ವಸ್ತು, ಪಡೆಯುವವನು ಬೇಕಾಗುವಂತೆ ಪ್ರತಿ ಫಂಕ್ಷನ್ನಿಗೂ ಯಾವ ಸಾಧನ, ಯಾವ ಆಜ್ಞೆ, ಎಷ್ಟು ಸಂಖ್ಯೆ ಎಂಬುದನ್ನು ಕ್ರಮವಾಗಿ ಒದಗಿಸಬೇಕು. ಒಂದು ಕಾರಕ ಹೆಚ್ಚಾದರೂ ಕಡಿಮೆಯಾದರೂ ವಾಕ್ಯ ನಿಲ್ಲದು.

ಈ ಧಾತುಗಳು ಸ್ಥಿರವಲ್ಲ. ಬಳಕೆದಾರರ ಕಾರ್ಯಕ್ರಮಗಳಿಗೆ ಕರ್ನಲ್ ಕೊಡುವ ಮಾತನ್ನು ಮುರಿಯಬಾರದೆಂಬ ಕಟ್ಟುನಿಟ್ಟು ಲಿನಕ್ಸಿನಲ್ಲಿ ಇದೆ. ಆದರೆ ಕರ್ನಲ್ಲಿನ ಒಳಗಿನ ಭಾಗಗಳು ತಮ್ಮತಮ್ಮೊಳಗೆ ಆಡಿಕೊಳ್ಳುವ ಮಾತಿಗೆ ಅಂತಹ ಕಟ್ಟಿಲ್ಲ. ಒಳಗಿನ ಈ ಮಾತನ್ನು ಸ್ಥಿರಗೊಳಿಸಬೇಕೆಂಬ ಬೇಡಿಕೆ ಏಕೆ ಅವಿವೇಕದ್ದು ಎಂದು ಗ್ರೆಗ್ ಕ್ರೋವಾ-ಹಾರ್ಟ್‌ಮನ್ ಬರೆದ ಪ್ರಬಂಧವೊಂದು ಕರ್ನಲ್ಲಿನ ಜೊತೆಯಲ್ಲಿಯೇ ಸೇರಿಕೊಂಡಿದೆ. ಹಳೆಯ ವಿನ್ಯಾಸದ ದೋಷವನ್ನು ತಿದ್ದುವ ಸ್ವಾತಂತ್ರ್ಯ ಉಳಿಯಬೇಕಾದರೆ ಹೆಸರುಗಳೂ ರೂಪಗಳೂ ಬದಲಾಗಲೇಬೇಕು ಎಂಬುದು ಅದರ ವಾದ. ಒಂಬತ್ತು-ಹತ್ತು ವಾರಗಳಿಗೊಮ್ಮೆ ಹೊಸ ಆವೃತ್ತಿ ಹೊರಬರುತ್ತದೆ. ಪ್ರತಿ ಸಲವೂ ಕೆಲವು ಫಂಕ್ಷನ್ನುಗಳು ಹುಟ್ಟುತ್ತವೆ, ಕೆಲವು ಸಾಯುತ್ತವೆ.

ಹೆಸರನ್ನು ಬದಲಿಸುವವನು ಅದನ್ನು ಬಳಸಿದ ಎಲ್ಲ ಸ್ಥಳಗಳನ್ನೂ ತಾನೇ ತಿದ್ದಬೇಕೆಂಬ ನಿಯಮ ಇದೆ. ಅವನು ಒಂದೆಡೆ ಮರೆತರೂ ಕಂಪೈಲರ್ ಎಂಬ ನಿಷ್ಕರುಣಿ ಪರೀಕ್ಷಕ ಅದನ್ನು ಹಿಡಿದು ತೋರಿಸುತ್ತದೆ. ಆದರೆ ಆ ಪರೀಕ್ಷಕನು ಓದುವುದು ಸಂಕೇತವನ್ನು ಮಾತ್ರ. ಕೈಪಿಡಿಯಲ್ಲಿ ಮನುಷ್ಯರ ಭಾಷೆಯಲ್ಲಿ ಬರೆದ ವಾಕ್ಯಗಳು ಅದರ ಕಣ್ಣಿಗೆ ಬೀಳುವುದಿಲ್ಲ. ಹೀಗೆ ಸಂಕೇತದಲ್ಲಿ ಸತ್ತ ಹೆಸರು ಕೈಪಿಡಿಯಲ್ಲಿ ಬದುಕಿಯೇ ಇರುತ್ತದೆ, ಹತ್ತು ವರ್ಷ, ಹದಿನೈದು ವರ್ಷ.

ಸ್ಕಸಿ ಎಂಬುದು ಸಂಗ್ರಹ ಸಾಧನಗಳ ಹಳೆಯ, ಇಂದಿಗೂ ಜೀವಂತವಾಗಿರುವ ಪದ್ಧತಿ. ಅದರ ಡ್ರೈವರ್ ಬರೆಯುವವರಿಗಾಗಿ ಕರ್ನಲ್ಲಿನಲ್ಲಿ ದೊಡ್ಡದೊಂದು ಕೈಪಿಡಿ ಇದೆ. ಸಾಧನವೊಂದಕ್ಕೆ ಏಕಕಾಲದಲ್ಲಿ ಎಷ್ಟು ಆಜ್ಞೆಗಳನ್ನು ಕಳುಹಿಸಿ ಕಾಯಬಹುದು ಎಂಬ ಮಿತಿಯನ್ನು ನಿಗದಿಪಡಿಸಲು ‘ಸ್ಕಸಿ_ಅಡ್ಜಸ್ಟ್_ಕ್ಯೂ_ಡೆಪ್ತ್’ ಎಂಬ ಫಂಕ್ಷನ್ ಮೊದಲು ಇತ್ತು. (ಪದಗಳ ನಡುವೆ ಅಡಿಗೆರೆ ಹಾಕಿ ಒಂದೇ ಹೆಸರಾಗಿ ಬೆಸೆಯುವುದು ಅಲ್ಲಿನ ಸಂಪ್ರದಾಯ, ನಮ್ಮ ಸಮಾಸಕ್ಕೆ ಸಮೀಪ.) ಅದಕ್ಕೆ ಮೂರು ಕಾರಕಗಳು ಬೇಕಾಗಿದ್ದವು: ಯಾವ ಸಾಧನ, ಆಜ್ಞೆಗಳಿಗೆ ಗುರುತುಚೀಟಿ ಅಂಟಿಸುವ ಕ್ರಮ ಯಾವುದು, ಎಷ್ಟು ಆಜ್ಞೆಗಳು. 2014ರ ಕೊನೆಯಲ್ಲಿ ನಡೆದ ಸುಧಾರಣೆಯಲ್ಲಿ ನಡುವಿನ ಕಾರಕವನ್ನು ಕೈಬಿಟ್ಟರು. ಹೆಸರೂ ‘ಸ್ಕಸಿ_ಚೇಂಜ್_ಕ್ಯೂ_ಡೆಪ್ತ್’ ಎಂದು ಬದಲಾಯಿತು. ಹಳೆಯ ವಿವರಣೆಯನ್ನು ನಂಬಿ ಡ್ರೈವರ್ ಬರೆದವನಿಗೆ ಕಂಪೈಲರ್ ‘ಇಂತಹ ಹೆಸರಿಲ್ಲ’ ಎಂದು ಹೇಳಿಬಿಡುತ್ತದೆ. ಅರ್ಧ ದಿನ ಹಾಳು, ಅಷ್ಟೆ. ಇದು ಅದೃಷ್ಟವಂತನ ಕತೆ.

ಅದೃಷ್ಟವಿಲ್ಲದವನ ಕತೆ ಬೇರೆ. ಹೆಸರು ಉಳಿದು ಅರ್ಥ ಬದಲಾದಾಗ ಅಪಾಯ ಹೆಚ್ಚು. ಮರಾಠಿಯನ್ನೂ ಕನ್ನಡವನ್ನೂ ಬಲ್ಲವರು ‘ಅಭ್ಯಾಸ’ ಎಂಬ ಪದವನ್ನು ನೆನೆಯಬಹುದು. ‘ಹುಡುಗನಿಗೆ ಅಭ್ಯಾಸ ಇಲ್ಲ’ ಎಂದರೆ ಸೋಲಾಪುರದ ಮನೆಯಲ್ಲಿ ಅವನು ಓದುವುದಿಲ್ಲವೆಂದು ಅರ್ಥ, ಮೈಸೂರಿನ ಮನೆಯಲ್ಲಿ ಅವನಿಗೆ ರೂಢಿಯಿಲ್ಲವೆಂದು ಅರ್ಥ. ಪದ ಒಂದೇ, ವಾಕ್ಯವೂ ಶುದ್ಧ, ಯಾವ ವ್ಯಾಕರಣವೂ ತಪ್ಪು ಹಿಡಿಯದು. ಕೇಳಿದವನು ಮಾತ್ರ ಬೇರೆಯದನ್ನು ತಿಳಿದುಕೊಂಡು ಹೋಗುತ್ತಾನೆ. ಸ್ಕಸಿಯಲ್ಲಿ ‘ಕ್ಯೂಕಮಾಂಡ್’ ಎಂಬ ಫಂಕ್ಷನ್ ಇದೆ. ಕರ್ನಲ್ ಒಂದೊಂದು ಆಜ್ಞೆಯನ್ನೂ ಡ್ರೈವರಿನ ಕೈಗಿಡುವುದು ಇದರ ಮೂಲಕವೇ. 2.6.36ನೆಯ ಆವೃತ್ತಿಯವರೆಗೆ ಇದನ್ನು ಕರೆಯುವ ಮುನ್ನ ಕರ್ನಲ್ ಒಂದು ಬೀಗವನ್ನು ಹಾಕಿಕೊಂಡೇ ಬರುತ್ತಿತ್ತು. ಬೀಗವೆಂದರೆ ಇಬ್ಬರು ಏಕಕಾಲದಲ್ಲಿ ಒಂದೇ ಪಟ್ಟಿಯನ್ನು ತಿದ್ದದಂತೆ ತಡೆಯುವ ಏರ್ಪಾಡು. 2011ರ ಜನವರಿಯಲ್ಲಿ ಬಂದ 2.6.37ರಿಂದ ಕರ್ನಲ್ ಆ ಬೀಗವನ್ನು ಹಾಕುವುದನ್ನು ಬಿಟ್ಟಿತು. ಬೇಕಾದವರು ತಾವೇ ಹಾಕಿಕೊಳ್ಳಬೇಕು. ವೇಗ ಹೆಚ್ಚಿಸುವುದು ಉದ್ದೇಶ. ಹೆಸರು ಮಾತ್ರ ಅದೇ ಉಳಿಯಿತು. ಕಾರಕಗಳ ಕ್ರಮವೂ ಬದಲಾದುದರಿಂದ ಹಳೆಯ ರೂಪವನ್ನು ಹಾಗೆಯೇ ಬರೆದವನಿಗೆ ಕಂಪೈಲರ್ ಎಚ್ಚರಿಕೆ ಕೊಡುತ್ತದೆ. ಆದರೆ ರೂಪವನ್ನು ತಿದ್ದಿಕೊಂಡು ‘ಬೀಗ ಹಾಕಿಯೇ ಇರುತ್ತದೆ’ ಎಂಬ ಹಳೆಯ ವಾಕ್ಯವನ್ನು ನಂಬಿದವನಿಗೆ ಯಾರೂ ಎಚ್ಚರಿಕೆ ಕೊಡುವುದಿಲ್ಲ. ಅವನ ಡ್ರೈವರ್ ಒಂದು ದಿನ, ಹತ್ತು ದಿನ ಸರಿಯಾಗಿಯೇ ನಡೆಯುತ್ತದೆ. ಇಬ್ಬರು ಒಟ್ಟಿಗೆ ಪಟ್ಟಿಗೆ ಕೈಹಾಕಿದ ದಿನ ಯಾರದೋ ಮಾಹಿತಿ ಹೋಗುತ್ತದೆ. ಆ ಯಂತ್ರದಲ್ಲಿ ಇದ್ದದ್ದು ಆಸ್ಪತ್ರೆಯ ದಾಖಲೆಯೇ, ವಿದ್ಯಾರ್ಥಿಯ ಅಂಕಪಟ್ಟಿಯೇ ಎಂಬುದನ್ನು ಡ್ರೈವರ್ ಬರೆದವನು ಎಂದೂ ಅರಿಯನು.

ಈ ಕಡೆಯ ಪ್ರಸಂಗದಲ್ಲಿ ಸ್ಕಸಿ ಕೈಪಿಡಿ ಮಾಡಿದ ಕೆಲಸ ಮೆಚ್ಚತಕ್ಕದ್ದು. 2.6.36ರವರೆಗೆ ಹೀಗಿತ್ತು, 2.6.37ರಿಂದ ಹೀಗೆ, ಎಂದು ಎರಡನ್ನೂ ಆವೃತ್ತಿಯ ಸಂಖ್ಯೆ ಸಮೇತ ಒಂದೇ ಕಡೆ ದಾಖಲಿಸಿದೆ. ಅಂದರೆ ಹಳೆಯದನ್ನೆಲ್ಲ ಕಣ್ಣುಮುಚ್ಚಿ ಕಿತ್ತುಹಾಕುವುದೇ ಈ ಕೆಲಸವಲ್ಲ. ಕಿತ್ತುಹಾಕಬೇಕೆ, ಹೊಸ ಹೆಸರನ್ನು ಇಡಬೇಕೆ, ಇಲ್ಲವೆ ಇಡೀ ಖಂಡವನ್ನೇ ಹೊಸದಾಗಿ ಬರೆಯಬೇಕೆ ಎಂಬ ನಿರ್ಣಯ ಪ್ರತಿ ಹೆಸರಿಗೂ ಬೇರೆಬೇರೆಯಾಗಿ ಆಗಬೇಕು.

ಸೇಟಾ ಮತ್ತು ಅದರ ಪೂರ್ವಜನಾದ ಏಟಿಎ ಡಿಸ್ಕುಗಳನ್ನು ನಡೆಸುವ ಲಿಬ್‌ಏಟಿಎ ಎಂಬ ಭಾಗದಲ್ಲಿ ಇದರ ಇನ್ನೊಂದು ಮುಖ ಕಾಣುತ್ತದೆ. ಜೆಫ್ ಗಾರ್ಜಿಕ್ ಇದನ್ನು ಆರಂಭಿಸಿದಾಗ ಡಿಸ್ಕು ಉತ್ತರ ಕೊಡದೆ ಕುಳಿತರೆ ಏನು ಮಾಡಬೇಕೆಂಬುದಕ್ಕೆ ‘ಎಂಗ್_ಟೈಮ್‌ಔಟ್’ ಎಂಬ ಫಂಕ್ಷನ್ನೂ, ಸಂಪರ್ಕವನ್ನು ಮೊದಲಿನಿಂದ ಎಬ್ಬಿಸಲು ‘ಫೈ_ರೀಸೆಟ್’ ಎಂಬುದೂ ಇದ್ದವು. 2006ರಲ್ಲಿ ತೇಜುನ್ ಹಿಯೊ ದೋಷನಿರ್ವಹಣೆಯ ಇಡೀ ಕ್ರಮವನ್ನು ಹೊಸದಾಗಿ ರಚಿಸಿದರು. ‘ಎರರ್_ಹ್ಯಾಂಡ್ಲರ್’ ಎಂಬ ಒಂದೇ ಬಾಗಿಲಿನೊಳಗೆ ಪೂರ್ವಸಿದ್ಧತೆ, ಮೃದು ಮರುಚಾಲನೆ, ಕಠಿಣ ಮರುಚಾಲನೆ, ಅನಂತರದ ಪರಿಶೀಲನೆ ಎಂಬ ಹಂತಗಳು ಬಂದವು. ಹಳೆಯ ಎರಡು ಫಂಕ್ಷನ್ನುಗಳು ಕೂಡಲೇ ಹೋಗಲಿಲ್ಲ. ‘ಬಳಕೆ ತಪ್ಪಿದ್ದು, ಎರರ್_ಹ್ಯಾಂಡ್ಲರ್ ಬಳಸಿರಿ’ ಎಂಬ ಒಂದು ಸಾಲಿನ ಟಿಪ್ಪಣಿಯೊಂದಿಗೆ ಕೈಪಿಡಿಯಲ್ಲಿ ಮುದುಕರಂತೆ ಕುಳಿತಿದ್ದವು. 2023ರಲ್ಲಿ ಅವುಗಳನ್ನು ಸಂಕೇತದಿಂದಲೇ ತೆಗೆದುಹಾಕಿದರು. ಆಗ ಆ ಟಿಪ್ಪಣಿಗೂ ಅರ್ಥ ಉಳಿಯಲಿಲ್ಲ. ‘ಇದನ್ನು ಬಳಸಬೇಡಿ’ ಎಂದು ಹೇಳಬೇಕಾದರೆ ಬಳಸಲು ಅದು ಇರಬೇಕಷ್ಟೆ.

ಹೆಸರು ಬದಲಾಗುವುದು ಯಾವಾಗಲೂ ತಾಂತ್ರಿಕ ಕಾರಣದಿಂದಲೇ ಅಲ್ಲ. ಸ್ಕಸಿ ಡ್ರೈವರುಗಳಲ್ಲಿ ಹೊಸ ಸಾಧನ ಕಂಡಾಗ ಅದಕ್ಕೆ ಜಾಗ ಕಲ್ಪಿಸುವ, ಅದನ್ನು ಅಣಿಗೊಳಿಸುವ, ಹೋದಾಗ ತೊಲಗಿಸುವ ಮೂರು ಫಂಕ್ಷನ್ನುಗಳ ಹೆಸರುಗಳು ‘ಸ್ಲೇವ್’ ಎಂಬ ಪದದಿಂದ, ಎಂದರೆ ಗುಲಾಮ ಎಂಬ ಪದದಿಂದ, ಆರಂಭವಾಗುತ್ತಿದ್ದವು. ಯಂತ್ರವೊಂದು ಇನ್ನೊಂದರ ಅಧೀನವಾಗಿರುವುದನ್ನು ಸೂಚಿಸಲು ಎಂಜಿನಿಯರುಗಳು ಬಹುಕಾಲದಿಂದ ಬಳಸಿಕೊಂಡು ಬಂದ ರೂಪಕ ಅದು. 2020ರಲ್ಲಿ ಲಿನಕ್ಸಿನ ಸಂಕೇತಶೈಲಿಯ ಕಡತದಲ್ಲಿ ಒಡೆಯ-ಗುಲಾಮ ಎಂಬ ಜೋಡಿಯನ್ನು ಹೊಸದಾಗಿ ಬಳಸಬಾರದೆಂಬ ಸೂಚನೆ ಸೇರಿತು. ಅದಾದ ಕೆಲವು ವರ್ಷಗಳಿಗೆ ಈ ಮೂರೂ ‘ಎಸ್‌ಡೆವ್’ ಎಂದು, ಎಂದರೆ ಸ್ಕಸಿ ಸಾಧನವೆಂದು, ಆರಂಭವಾಗುವ ಹೆಸರುಗಳನ್ನು ಪಡೆದವು. ಕೈಪಿಡಿಯ ಹಲವು ಪುಟಗಳಲ್ಲಿ ಹರಡಿದ್ದ ಹಳೆಯ ಹೆಸರುಗಳನ್ನೂ ಜೊತೆಗೇ ಬದಲಿಸಬೇಕಾಯಿತು. ಪದವೊಂದರ ಲಾಕ್ಷಣಿಕ ಅರ್ಥ ಸವೆದುಹೋದಾಗಲೂ ಮೂಲಾರ್ಥ ಕೇಳುವವನನ್ನು ಚುಚ್ಚಬಲ್ಲದು ಎಂಬುದನ್ನು ಕಾವ್ಯಮೀಮಾಂಸೆ ಓದಿದವರಿಗೆ ಬೇರೆ ಹೇಳಬೇಕಿಲ್ಲ.

ಇಡೀ ಕೈಪಿಡಿಯೇ ಹಳತಾಗಿ ಹೋದ ಉದಾಹರಣೆಯೂ ಇದೆ. ಅದರಲ್ಲಿ ಕರ್ನಾಟಕದ ನಂಟೂ ಇದೆ. ಡಿಸ್ಕಿಗೆ ಹೋಗುವ ಕೋರಿಕೆಗಳನ್ನು ಒಟ್ಟುಗೂಡಿಸಿ ಕ್ರಮಗೊಳಿಸುವ ಬ್ಲಾಕ್ ಪದರವನ್ನು 2.5ನೆಯ ಆವೃತ್ತಿಯ ಕಾಲದಲ್ಲಿ ಹೊಸದಾಗಿ ಬರೆದಾಗ ಅದರ ವಿವರಣೆಯಾಗಿ ‘ಬಯೋಡಾಕ್’ ಎಂಬ ದೀರ್ಘ ಟಿಪ್ಪಣಿ ಸಿದ್ಧವಾಯಿತು. ಅದರ ಮೇಲಿನ ದಿನಾಂಕ 2002ರ ಜನವರಿ 15. ಬರೆದವರು ಯೆನ್ಸ್ ಆಕ್ಸ್‌ಬೋ ಮತ್ತು ಆಗ ಬೆಂಗಳೂರಿನ ಐಬಿಎಂನಲ್ಲಿದ್ದ ಸುಪರ್ಣಾ ಭಟ್ಟಾಚಾರ್ಯ. ಏನು ಬದಲಾಯಿತು ಎಂಬುದರ ಜೊತೆಗೆ ಏಕೆ ಬದಲಾಯಿತು ಎಂಬುದನ್ನೂ ಹೇಳುವ ಬರಹ ಅದು; ತಂತ್ರಗ್ರಂಥಗಳಲ್ಲಿ ಈ ಗುಣ ಅಪರೂಪ. ಬ್ಲಾಕ್ ಪದರವನ್ನು ಅರಿಯಬಯಸಿದವರಿಗೆ ಅದು ಬಹುಕಾಲ ಆಕರವಾಗಿತ್ತು. ಆದರೆ 2009ರ ಸುಮಾರಿಗೆ ಅದರಲ್ಲಿ ವರ್ಣಿಸಿದ ಫಂಕ್ಷನ್ನುಗಳು ಒಂದೊಂದಾಗಿ ಹೋಗತೊಡಗಿದವು. 2014ರಲ್ಲಿ ಬಂದ 3.13ನೆಯ ಆವೃತ್ತಿಯಲ್ಲಿ ಹಲವು ಸರದಿಗಳ ಹೊಸ ಪದ್ಧತಿ ಸೇರಿತು, 2019ರ 5.0ನೆಯ ಆವೃತ್ತಿಯಲ್ಲಿ ಹಳೆಯ ಒಂದೇ ಸರದಿಯ ಮಾರ್ಗವನ್ನು ಪೂರ್ಣವಾಗಿ ತೆಗೆದರು. ಬಯೋಡಾಕ್‌ನ ಬೆನ್ನೆಲುಬೇ ಹೋಯಿತು. ಒಂದೆರಡು ಹೆಸರು ತಿದ್ದಿ ಉಳಿಸುವ ಸ್ಥಿತಿ ಅದಕ್ಕಿರಲಿಲ್ಲ. ಕೊನೆಗೆ ಕಡತವನ್ನೇ ತೆಗೆದುಹಾಕಲಾಯಿತು. ಚೆನ್ನಾಗಿ ಬರೆದ ಕೈಪಿಡಿ ಹಳತಾದಾಗ ಕೆಟ್ಟದಾಗಿ ಬರೆದದ್ದಕ್ಕಿಂತ ಹೆಚ್ಚು ದಾರಿತಪ್ಪಿಸುತ್ತದೆ, ಏಕೆಂದರೆ ಓದುಗನು ಅದನ್ನು ನಂಬುತ್ತಾನೆ.

ಇಲ್ಲಿ ಹಳಗನ್ನಡದ ವಿದ್ಯಾರ್ಥಿ ಆಕ್ಷೇಪಿಸಬಹುದು. ೞ ಮತ್ತು ಱ ಬಳಕೆಯಿಂದ ಹೋದವೆಂದು ಕೇಶಿರಾಜನ ಸೂತ್ರಗಳನ್ನು ಅಳಿಸುತ್ತೇವೆಯೆ? 1894ರ ಕಿಟೆಲ್ ಕೋಶದಿಂದ ಇಂದು ಯಾರೂ ಆಡದ ಪದಗಳನ್ನು ಕಿತ್ತುಹಾಕುತ್ತೇವೆಯೆ? ಪ್ರಶ್ನೆ ಯೋಗ್ಯವಾದುದೇ. ಉತ್ತರ ಗ್ರಂಥದ ಜಾತಿಯಲ್ಲಿದೆ. ಕೋಶವೂ ಪ್ರಾಚೀನ ವ್ಯಾಕರಣವೂ ‘ಹೀಗಿತ್ತು’ ಎಂದು ಸಾಕ್ಷಿ ಹೇಳುತ್ತವೆ; ಕೈಪಿಡಿ ‘ಹೀಗೆ ಮಾಡು’ ಎಂದು ಆಜ್ಞಾಪಿಸುತ್ತದೆ. ಸಾಕ್ಷಿ ಹಳತಾದಷ್ಟೂ ಬೆಲೆಯುಳ್ಳದ್ದು, ಆಜ್ಞೆ ಹಳತಾದರೆ ಅಪಾಯ. ಅಲ್ಲದೆ ಕರ್ನಲ್ಲಿನಲ್ಲಿ ಅಳಿಸಿದ್ದು ನಾಶವಾಗುವುದಿಲ್ಲ. 2005ರಿಂದ ಬಳಕೆಯಲ್ಲಿರುವ ಗಿಟ್ ಎಂಬ ವ್ಯವಸ್ಥೆ ಪ್ರತಿ ತಿದ್ದುಪಡಿಯನ್ನೂ, ಅದಕ್ಕೆ ಮುಂಚಿನ ಪಾಠವನ್ನೂ, ತಿದ್ದಿದವರ ಹೆಸರನ್ನೂ, ಕಾರಣವನ್ನೂ ಕಾದಿಟ್ಟುಕೊಳ್ಳುತ್ತದೆ. ತಾಳೆಗರಿಯ ಲಿಪಿಕಾರ ಒಂದು ಪದ್ಯವನ್ನು ಬಿಟ್ಟರೆ ಅದು ಹೋಯಿತೆಂದೇ. ಇಲ್ಲಿ ಬಯೋಡಾಕ್‌ನ ಕೊನೆಯ ಅಕ್ಷರವನ್ನೂ ಬೇಕಾದವರು ಇಂದೂ ತೆಗೆದು ಓದಬಹುದು.

ಇನ್ನು ಕೆಲಸ ನಡೆಯುವ ಬಗೆ. ಕೈಪಿಡಿಯಲ್ಲಿ ಬಂದ ಫಂಕ್ಷನ್ನಿನ ಹೆಸರನ್ನು ಹಿಡಿದು ಇಡೀ ಸಂಕೇತರಾಶಿಯಲ್ಲಿ ಗ್ರೆಪ್ ಎಂಬ ಶೋಧಕದಿಂದ ಹುಡುಕುತ್ತಾರೆ. ಕೈಪಿಡಿಗಳನ್ನು ಅಂದವಾದ ಪುಟಗಳಾಗಿ ಮಾಡುವ ಸ್ಫಿಂಕ್ಸ್ ಎಂಬ ಸಾಧನವೂ ಒಂದು ಸುಳಿವು ಕೊಡುತ್ತದೆ: ವಿವರಣೆಯುಳ್ಳ ಫಂಕ್ಷನ್ನಿನ ಹೆಸರು ತಾನಾಗಿ ಕೊಂಡಿಯಾಗುತ್ತದೆ, ಇಲ್ಲದ್ದು ಬರಿಯ ಅಕ್ಷರವಾಗಿಯೇ ಉಳಿಯುತ್ತದೆ. ಆದರೆ ಹುಡುಕಿದಾಗ ಸಿಗಲಿಲ್ಲವೆಂದ ಮಾತ್ರಕ್ಕೆ ಇಲ್ಲವೆಂದು ಸಾಧಿಸಿದಂತಾಗಲಿಲ್ಲ. ಕೆಲವು ಹೆಸರುಗಳನ್ನು ಸಂಕೇತದಲ್ಲಿ ಎರಡು ತುಂಡುಗಳಾಗಿ ಬರೆದು ಕಂಪೈಲ್ ಆಗುವಾಗ ಬೆಸೆಯುತ್ತಾರೆ. ಸಂಧಿಯಾದ ರೂಪವನ್ನು ಕೋಶದಲ್ಲಿ ಹುಡುಕಿ ‘ಇಂತಹ ಪದವೇ ಇಲ್ಲ’ ಎನ್ನುವ ಮೊದಲ ವರ್ಷದ ವಿದ್ಯಾರ್ಥಿಯ ತಪ್ಪು ಇಲ್ಲಿಯೂ ಆಗಬಹುದು. ಸಿಕ್ಕಿತೆಂದ ಮಾತ್ರಕ್ಕೆ ಇದೆಯೆಂದೂ ಅಲ್ಲ. ಸಿಕ್ಕಿದ್ದು ಯಾವುದೋ ಹಳೆಯ ಟಿಪ್ಪಣಿಯೊಳಗಿನ ಇನ್ನೊಂದು ಸತ್ತ ಉಲ್ಲೇಖವಾಗಿರಬಹುದು.

ಇಲ್ಲವೆಂಬುದು ಖಚಿತವಾದ ಮೇಲೆ ಗಿಟ್ ಇತಿಹಾಸದಲ್ಲಿ ಅದು ಎಂದು, ಯಾವ ತಿದ್ದುಪಡಿಯಲ್ಲಿ ಹೋಯಿತೆಂದು ಪತ್ತೆ ಹಚ್ಚಬೇಕು. ಹೊಸಬರು ಎಡವುವುದು ಈ ಹಂತದಲ್ಲಿ. ಹಳೆಯ ಹೆಸರಿದ್ದಲ್ಲಿ ಹೊಸ ಹೆಸರನ್ನು ತುಂಬಿ ಕೈತೊಳೆದುಕೊಂಡರೆ ಸುತ್ತಲಿನ ವಾಕ್ಯ ಸುಳ್ಳಾಗಿಯೇ ಉಳಿಯುತ್ತದೆ. ಮೂರು ಕಾರಕಗಳ ವಿವರಣೆಯ ತಲೆಯ ಮೇಲೆ ಎರಡು ಕಾರಕಗಳ ಹೆಸರು ಕುಳಿತಂತೆ. ಅದಕ್ಕಿಂತ ಹಳೆಯ ಹೆಸರೇ ಮೇಲು, ಓದುಗನಿಗೆ ಸಂಶಯವಾದರೂ ಬಂದೀತು.

ತಿದ್ದುಪಡಿಯ ಜೊತೆಗೆ ಕಾರಣವನ್ನು ವಿವರಿಸುವ ಚಿಕ್ಕ ಬರಹ ಇರಲೇಬೇಕು. ಅದಕ್ಕೂ ನಿಯಮಗಳಿವೆ. ಫಂಕ್ಷನ್ನನ್ನು ತೆಗೆದ ಮೂಲ ತಿದ್ದುಪಡಿಯನ್ನು ಅದರ ಗುರುತುಸಂಖ್ಯೆಯ ಕನಿಷ್ಠ 12 ಅಕ್ಷರಗಳೊಂದಿಗೂ ಶೀರ್ಷಿಕೆಯೊಂದಿಗೂ ಉಲ್ಲೇಖಿಸಬೇಕು. ಶಾಸನವನ್ನು ಎಪಿಗ್ರಾಫಿಯಾ ಕರ್ನಾಟಿಕದ ಸಂಪುಟ, ಸಂಖ್ಯೆಗಳೊಂದಿಗೆ ಉಲ್ಲೇಖಿಸುವ ಹಾಗೆ. ವಿವರಣೆಯ ಕ್ರಿಯಾಪದ ವಿಧ್ಯರ್ಥದಲ್ಲಿ ಇರಬೇಕೆಂಬ ನಿಯಮ ವ್ಯಾಕರಣಪ್ರಿಯರಿಗೆ ರುಚಿಸುವಂತಹದು: ‘ನಾನು ಹಳೆಯ ಉಲ್ಲೇಖವನ್ನು ತೆಗೆದೆನು’ ಎಂದು ಬರೆಯುವಂತಿಲ್ಲ, ‘ಹಳೆಯ ಉಲ್ಲೇಖವನ್ನು ತೆಗೆ’ ಎಂದು ಸಂಕೇತರಾಶಿಗೆ ಅಪ್ಪಣೆ ಕೊಟ್ಟಂತೆ ಬರೆಯಬೇಕು. ಕೆಳಗೆ ಬರೆದವರ ಒಪ್ಪಿಗೆಯ ಸಹಿ. ಅನಂತರ ಆ ಭಾಗದ ಪಾಲಕರು ಪರಿಶೀಲಿಸುತ್ತಾರೆ, ಪ್ರಶ್ನಿಸುತ್ತಾರೆ, ಎಷ್ಟೋ ಸಲ ಹಿಂದಕ್ಕೆ ಕಳುಹಿಸುತ್ತಾರೆ. ನಾಲ್ಕು ಸಾಲಿನ ತಿದ್ದುಪಡಿ ಮೂರು ಬಾರಿ ಬರೆಯಿಸಿಕೊಳ್ಳುವುದು ಅಲ್ಲಿ ಅವಮಾನವಲ್ಲ.

ಈ ಕೈಪಿಡಿಗಳು ಮೂಲತಃ ಇಂಗ್ಲಿಷಿನಲ್ಲಿವೆ. ಚೀನೀ, ಜಪಾನೀ, ಕೊರಿಯನ್, ಇಟಾಲಿಯನ್, ಸ್ಪ್ಯಾನಿಷ್ ಭಾಷೆಗಳಿಗೆ ಭಾಗಶಃ ಅನುವಾದಗೊಂಡು ಕರ್ನಲ್ಲಿನ ಜೊತೆಯಲ್ಲಿಯೇ ಸೇರಿವೆ. ಅನುವಾದದಲ್ಲಿ ಸತ್ತ ಹೆಸರುಗಳ ಆಯುಸ್ಸು ಇನ್ನೂ ಹೆಚ್ಚು, ಏಕೆಂದರೆ ಮೂಲ ತಿದ್ದಿದ ಮೇಲೆಯೂ ಅನುವಾದವನ್ನು ಬೇರೆಯಾಗಿ ತಿದ್ದಬೇಕು. ಭಾರತೀಯ ಭಾಷೆಗಳಲ್ಲಿ ಒಂದೂ ಆ ಸಾಲಿನಲ್ಲಿ ಇಲ್ಲ. ಕನ್ನಡವೂ ಇಲ್ಲ, ಮರಾಠಿಯೂ ಇಲ್ಲ. ಸಂಕೇತ ಬರೆಯಲು ಬಾರದವರೂ, ಒಂದು ವಾಕ್ಯ ಹೇಳುವುದಕ್ಕೂ ವಸ್ತುಸ್ಥಿತಿಗೂ ಹೊಂದಿಕೆಯಾಗುತ್ತಿದೆಯೆ ಎಂದು ತಾಳ್ಮೆಯಿಂದ ಪರಿಶೀಲಿಸಬಲ್ಲವರಾದರೆ, ಕೈಪಿಡಿಯ ತಿದ್ದುಪಡಿಯಿಂದಲೇ ಕರ್ನಲ್ಲಿನ ಕೆಲಸಕ್ಕೆ ಕಾಲಿಡಬಹುದು. ಎಷ್ಟೋ ಮಂದಿ ಹಾಗೆಯೇ ಕಾಲಿಟ್ಟಿದ್ದಾರೆ. ಅವರ ಮೊದಲ ಕಾಣಿಕೆ ಒಂದು ಹೆಸರನ್ನು ಅಳಿಸಿದ್ದು.